ಕಾಡುಪ್ರಾಣಿ ಕೇಸುಗಳ ಬೆನ್ನು ಹತ್ತಲು ಇ-ಕೋರ್ಟ್ಸ್ ಎಷ್ಟು ಉಪಕಾರಿ? ಕಾಸರಗೋಡಿನವರಿಗಾಗಿ ಒಂದು ವಿಮರ್ಶೆ

ಆನೆದಂತವೋ, ಚಿಪ್ಪುಹಂದಿಯ ಚಿಪ್ಪೋ, ತಿಮಿಂಗಿಲದ ವಾಂತಿ ಎಂದು ಜನ ಕರೆಯುವ ಅಂಬರ್‌ಗ್ರಿಸೋ ಸಿಕ್ಕಿಬಿದ್ದರೆ ಮರುದಿನದ ಪತ್ರಿಕೆಯಲ್ಲಿ ದೊಡ್ಡ ಸುದ್ದಿ. ಅದೇ ಕೇಸು ಐದು ವರ್ಷ ಕಳೆದು ಖುಲಾಸೆಯಾದರೆ ಒಂದು ಸಾಲೂ ಬರುವುದಿಲ್ಲ. ಹಿಡಿದದ್ದು ಎಲ್ಲರಿಗೂ ಗೊತ್ತು, ಬಿಟ್ಟದ್ದು ಯಾರಿಗೂ ಗೊತ್ತಿಲ್ಲ. ಈ ನಡುವಿನ ವರ್ಷಗಳನ್ನು ಮನೆಯಲ್ಲೇ ಕುಳಿತು ನೋಡಲು ಸಾಮಾನ್ಯರಿಗೆ ಇರುವ ದಾರಿ ಇ-ಕೋರ್ಟ್ಸ್ ಸರ್ವೀಸಸ್ ಜಾಲತಾಣ ಮತ್ತು ಅದರ ಮೊಬೈಲ್ ಆ್ಯಪ್. ಹಣ ಕೊಡಬೇಕಿಲ್ಲ, ಲಾಗಿನ್ ಬೇಡ, ಆಂಡ್ರಾಯ್ಡ್ ಐಫೋನ್ ಎರಡಕ್ಕೂ ಸಿಗುತ್ತದೆ. ಸ್ಥಳೀಯ ವರದಿಗಾರರು, ಪಂಚಾಯತ್ ಸದಸ್ಯರು, ಕಾನೂನು ವಿದ್ಯಾರ್ಥಿಗಳು, ಕಾಡಿನ ಬಗ್ಗೆ ಕಾಳಜಿ ಇರುವವರು ಇದನ್ನು ಹೇಗೆ ಬಳಸಬಹುದು, ಎಲ್ಲಿ ಎಡವುತ್ತಾರೆ ಎಂಬುದನ್ನು ವನ್ಯಜೀವಿ ಕೇಸುಗಳ ಮಟ್ಟಿಗೆ ಇಲ್ಲಿ ನೋಡೋಣ.

ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಕೇಸಿನ ನಂಬರು ಕೈಯಲ್ಲಿದ್ದರೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ನಂಬರು ಇಲ್ಲದೆ ಹುಡುಕಲು ಹೊರಟರೆ ಅರ್ಧ ದಿನ ಹೋಗುತ್ತದೆ, ಸಿಗಲೂಬಹುದು, ಸಿಗದೆಯೂ ಇರಬಹುದು. ಆದ್ದರಿಂದ ಆ್ಯಪ್ ತೆರೆಯುವ ಮೊದಲು ಮಾಡಬೇಕಾದ ಕೆಲಸವೇ ಹೆಚ್ಚು ಮುಖ್ಯ.

ಕೇರಳದಲ್ಲಿ ಅರಣ್ಯ ಇಲಾಖೆ ಪ್ರಕರಣ ದಾಖಲಿಸಿದಾಗ ಅದಕ್ಕೊಂದು ಓಆರ್ ನಂಬರು ಬೀಳುತ್ತದೆ. ಓಆರ್ ಎಂದರೆ ಅಕರೆನ್ಸ್ ರಿಪೋರ್ಟ್, ಪೊಲೀಸರ ಎಫ್‌ಐಆರ್‌ಗೆ ಸಮಾನವಾದ ಮೊದಲ ಕಾಗದ. ಗಡಿಯ ಆಚೆ ಸುಳ್ಯ, ಪುತ್ತೂರಿನಲ್ಲಿ ಇದನ್ನೇ ಎಫ್‌ಓಸಿ ನಂಬರು, ಅಂದರೆ ಫಾರೆಸ್ಟ್ ಅಫೆನ್ಸ್ ಕೇಸ್ ನಂಬರು ಎನ್ನುತ್ತಾರೆ. ಸುದ್ದಿ ಬಂದ ವಾರದಲ್ಲೇ ರೇಂಜ್ ಕಚೇರಿಯಿಂದ ಓಆರ್ ನಂಬರು, ವರ್ಷ, ರೇಂಜಿನ ಹೆಸರು, ಯಾವ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹಾಜರುಪಡಿಸಿದರು ಎಂಬ ನಾಲ್ಕನ್ನು ಬರೆದಿಟ್ಟುಕೊಳ್ಳಬೇಕು. ಸಾಮಾನ್ಯವಾಗಿ ಮಂಜೇಶ್ವರ, ಕಾಸರಗೋಡು ತಾಲೂಕುಗಳದ್ದು ಕಾಸರಗೋಡಿಗೆ, ಹೊಸದುರ್ಗ, ವೆಳ್ಳರಿಕುಂಡು ತಾಲೂಕುಗಳದ್ದು ಹೊಸದುರ್ಗದ ಕೋರ್ಟಿಗೆ ಹೋಗುತ್ತದೆ. ಬಂದಡ್ಕದಲ್ಲಿ ಬೇಟೆಯಾಡಿ ಸುಳ್ಯದಲ್ಲಿ ಸಿಕ್ಕಿಬಿದ್ದರೆ ಕೇಸು ಕರ್ನಾಟಕದ್ದಾಗಬಹುದು. ಆಗ ಆ್ಯಪ್‌ನಲ್ಲಿ ಕೇರಳ ಆರಿಸಿಕೊಂಡು ಎಷ್ಟು ಹುಡುಕಿದರೂ ಫಲವಿಲ್ಲ, ಕರ್ನಾಟಕ, ದಕ್ಷಿಣ ಕನ್ನಡ, ಸುಳ್ಯ ಎಂದು ಇಳಿದು ಬರಬೇಕು.

ಈ ವಿವರಗಳಿಗಾಗಿ ಅರಣ್ಯ ಇಲಾಖೆಗೆ ಹಾಕುವ ಮಾಹಿತಿ ಹಕ್ಕಿನ ಅರ್ಜಿ ಮಲಯಾಳದಲ್ಲೇ ಬರೆಯಬೇಕೆಂದೇನೂ ಇಲ್ಲ. 1969ರ ಕೇರಳ ಆಡಳಿತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ, ಉತ್ತರವೂ ಕನ್ನಡದಲ್ಲಿ ಸಿಗಬೇಕು. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ‘ಎಲ್ಲ ವಿವರ ಕೊಡಿ’ ಎಂದು ಬರೆದರೆ ತನಿಖೆಗೆ ಅಡ್ಡಿಯಾಗುತ್ತದೆ ಎಂಬ ಕಾರಣಕ್ಕೆ ತಿರಸ್ಕರಿಸುವುದು ಸುಲಭ. ‘ಓಆರ್ ನಂಬರು, ದಿನಾಂಕ, ದೂರು ಸಲ್ಲಿಸಿದ ಕೋರ್ಟು ಮತ್ತು ಸಿಸಿ ನಂಬರು’ (ಸಿಸಿ ಎಂದರೆ ಕ್ಯಾಲೆಂಡರ್ ಕೇಸ್, ಮ್ಯಾಜಿಸ್ಟ್ರೇಟ್ ಕೋರ್ಟು ಕೇಸಿಗೆ ಕೊಡುವ ನಂಬರು) ಎಂದಷ್ಟೇ ಕೇಳಿದರೆ ನಿರಾಕರಿಸಲು ಕಾರಣ ಸಿಗುವುದು ಕಷ್ಟ.

ಮುಂದಿನ ಹಂತ ಸಿಎನ್‌ಆರ್ ನಂಬರು. ಅರಣ್ಯ ಇಲಾಖೆಯ ದೂರು ಕೋರ್ಟಿನಲ್ಲಿ ನೋಂದಣಿಯಾದಾಗ ಬೀಳುವ 16 ಅಕ್ಷರಗಳ ಗುರುತು ಇದು. ಮೊದಲ ಎರಡು ಅಕ್ಷರ ರಾಜ್ಯ, ಮುಂದಿನೆರಡು ಜಿಲ್ಲೆ, ಆಮೇಲೆ ಎರಡು ಅಂಕಿ ಕೋರ್ಟಿನದ್ದು, ಆರು ಅಂಕಿ ಕ್ರಮಸಂಖ್ಯೆ, ಕೊನೆಯ ನಾಲ್ಕು ವರ್ಷ. ನಡುವೆ ಗೆರೆ, ಚುಕ್ಕಿ, ಜಾಗ ಯಾವುದೂ ಇಲ್ಲ. ಕ್ರಮಸಂಖ್ಯೆ ಚಿಕ್ಕದಿದ್ದರೆ ಮುಂದಿನ ಸೊನ್ನೆಗಳನ್ನು ಬಿಡಬಾರದು, ‘ದಾಖಲೆ ಸಿಗಲಿಲ್ಲ’ ಎಂದು ಬರುವುದು ಹೆಚ್ಚಾಗಿ ಇದರಿಂದಲೇ. ಸಿಎನ್‌ಆರ್ ಹಾಕಿದರೆ ಮುಂದಿನ ವಾಯಿದೆ, ಈವರೆಗಿನ ವಾಯಿದೆಗಳ ಪಟ್ಟಿ, ಪ್ರತಿ ದಿನ ಏನು ನಡೆಯಿತು ಎಂಬ ಒಂದೆರಡು ಸಾಲು, ತೀರ್ಪಾಗಿದ್ದರೆ ಅದರ ಪಿಡಿಎಫ್ ಒಂದೇ ಕಡೆ ಕಾಣುತ್ತದೆ. ಡೇಟಾ ಸಿಗದ ಕಡೆ ಇರುವವರಿಗೆ ಎಸ್‌ಎಂಎಸ್ ಸೌಲಭ್ಯವೂ ಇದೆ: ಇಂಗ್ಲಿಷ್ ಅಕ್ಷರಗಳಲ್ಲಿ ‘ಇಕೋರ್ಟ್ಸ್’ ಎಂದು ಬರೆದು, ಒಂದು ಜಾಗ ಬಿಟ್ಟು ಸಿಎನ್‌ಆರ್ ಬರೆದು 9766899899ಕ್ಕೆ ಕಳಿಸಿದರೆ ಕೇಸಿನ ಸ್ಥಿತಿ ಉತ್ತರವಾಗಿ ಬರುತ್ತದೆ.

ಸಿಎನ್‌ಆರ್ ಇಲ್ಲದವರ ಕಥೆ ಬೇರೆ. ಆರೋಪಿಯ ಹೆಸರಿನಿಂದ ಹುಡುಕುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ನಮ್ಮ ಜಿಲ್ಲೆಯ ಮಟ್ಟಿಗೆ ಅದೇ ಅತಿ ದುರ್ಬಲ ಉಪಾಯ. ಕನ್ನಡದವರು ಶ್ರೀಧರ ಎಂದರೆ ಮಲಯಾಳದ ಕಾಗದದಲ್ಲಿ ಶ್ರೀಧರನ್ ಆಗುತ್ತದೆ, ಇಂಗ್ಲಿಷಿಗೆ ಇಳಿಸುವಾಗ ‘ಶ್ರೀ’ ಎಂಬ ಒಂದಕ್ಷರವನ್ನೇ ಮೂರು ನಾಲ್ಕು ರೀತಿಯಲ್ಲಿ ಬರೆಯುತ್ತಾರೆ, ಇನಿಶಿಯಲ್ ಹಿಂದೆಯೋ ಮುಂದೆಯೋ ಹೇಳಲಾಗದು. ಹೆಸರಿನ ಬದಲಾಗದ ತುಂಡನ್ನಷ್ಟೇ ಕೊಡಬೇಕು, ಕನಿಷ್ಠ ಮೂರು ಅಕ್ಷರ ಬೇಕು. ವರ್ಷವನ್ನೂ ಕೇಳುತ್ತದೆ. ಅಲ್ಲಿ ಹಾಕಬೇಕಾದ್ದು ಕೋರ್ಟಿನಲ್ಲಿ ಕೇಸು ದಾಖಲಾದ ವರ್ಷ, ಪ್ರಾಣಿ ಸತ್ತ ವರ್ಷ ಅಲ್ಲ. 2021ರ ಬೇಟೆಗೆ 2023ರಲ್ಲಿ ದೂರು ಸಲ್ಲಿಕೆಯಾದದ್ದು ಅಪರೂಪವೇನಲ್ಲ. ಒಂದೊಂದೇ ವರ್ಷ ಮುಂದೆ ಸರಿಸುತ್ತ ನೋಡಬೇಕು, ಬಾಕಿ ಇರುವ ಕೇಸು ಮತ್ತು ಮುಗಿದ ಕೇಸು ಎರಡೂ ಕಡೆ ನೋಡಬೇಕು.

ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಉಪಾಯವೆಂದರೆ ಆರೋಪಿಯನ್ನು ಬಿಟ್ಟು ದೂರುದಾರರನ್ನು ಹುಡುಕುವುದು. ವನ್ಯಜೀವಿ ಕೇಸಿನಲ್ಲಿ ದೂರುದಾರರು ಹೆಚ್ಚಾಗಿ ‘ರೇಂಜ್ ಫಾರೆಸ್ಟ್ ಆಫೀಸರ್’. ಪಕ್ಷಗಾರರ ಹೆಸರಿನ ಜಾಗದಲ್ಲಿ ‘ರೇಂಜ್ ಫಾರೆಸ್ಟ್’ ಎಂದೋ, ಬರೀ ‘ಫಾರೆಸ್ಟ್’ ಎಂದೋ ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟು ವರ್ಷ ಹಾಕಿದರೆ ಆ ಕೋರ್ಟಿನ ಅರಣ್ಯ ಕೇಸುಗಳು ಸಾಲಾಗಿ ಬರುತ್ತವೆ. ಅದರಲ್ಲಿ ಮರ ಕಡಿದದ್ದು, ಅರಣ್ಯ ಒತ್ತುವರಿ ಎಲ್ಲ ಸೇರಿರುತ್ತದೆ. ಒಂದೊಂದನ್ನೇ ತೆರೆದು ಕಾಯ್ದೆಯ ಕಾಲಮ್ಮು ನೋಡಿ ಬೇರ್ಪಡಿಸಬೇಕು. ‘ಕಾಯ್ದೆ’ ಎಂಬ ಪ್ರತ್ಯೇಕ ಹುಡುಕಾಟವೂ ಇದೆ, ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಹೆಸರು ಪಟ್ಟಿಯಲ್ಲಿ ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಇರಬಹುದು. ವೈಲ್ಡ್ ಮತ್ತು ಲೈಫ್ ಎರಡು ಪದವಾಗಿ ಒಮ್ಮೆ, ಒಂದೇ ಪದವಾಗಿ ಇನ್ನೊಮ್ಮೆ. ಕಾಣಿಸಿದ್ದನ್ನೆಲ್ಲ ಒಂದೊಂದಾಗಿ ಆರಿಸಿ ನೋಡದಿದ್ದರೆ ಕೇಸು ತಪ್ಪಿಹೋಗುತ್ತದೆ.

ದೂರು ಸಲ್ಲಿಕೆಯಾಗುವ ಮೊದಲು ಏನೂ ಕಾಣುವುದಿಲ್ಲ ಎಂದುಕೊಳ್ಳಬೇಡಿ. ಜಾಮೀನು ಅರ್ಜಿ ಬೇಗ ಬರುತ್ತದೆ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಅದು ಸಿಎಂಪಿ ಎಂಬ ಬಗೆಯ ಅರ್ಜಿ, ಕೇರಳ ಹೈಕೋರ್ಟಿನಲ್ಲಿ ಬೇಲ್ ಅಪ್ಲಿಕೇಶನ್. ಹೈಕೋರ್ಟಿನ ಜಾಮೀನು ಆದೇಶ ಎರಡು ಮೂರು ಪುಟವಿದ್ದರೂ ಅದರಲ್ಲಿ ಓಆರ್ ನಂಬರು, ಆರೋಪದ ಸಾರಾಂಶ, ಹಾಕಿದ ಸೆಕ್ಷನ್‌ಗಳು ಇರುತ್ತವೆ. ಕೇಸಿನ ಬಗ್ಗೆ ಸಾರ್ವಜನಿಕರು ಓದಬಹುದಾದ ಮೊದಲ ಅಧಿಕೃತ ಕಾಗದ ಹೆಚ್ಚಿನ ಸಲ ಇದೇ. ಎರ್ನಾಕುಳಕ್ಕೆ ಒಂದು ರಾತ್ರಿಯ ರೈಲು ಪ್ರಯಾಣ ಉಳಿಯಿತು ಎಂದು ಲೆಕ್ಕ ಹಾಕಿದರೂ ಈ ಸೇವೆಗೆ ಬೆಲೆ ಕಟ್ಟಬೇಕು. ವಾಹನ ಬಿಡಿಸಿಕೊಳ್ಳುವ ಅರ್ಜಿಯೂ ಹೀಗೆಯೇ ಬೇಗ ಬರುತ್ತದೆ. ಮಾಂಸ ಸಾಗಿಸಿದ ಜೀಪು, ಕಾರು ಜಪ್ತಿಯಾದ ಮಾತ್ರಕ್ಕೆ ಸರಕಾರದ ಆಸ್ತಿಯಾಗಿಬಿಡುವುದಿಲ್ಲ, ಮ್ಯಾಜಿಸ್ಟ್ರೇಟರು ಮಧ್ಯಂತರವಾಗಿ ಬಿಡಬಹುದು ಎಂದು ಸುಪ್ರೀಂ ಕೋರ್ಟು 2008ರಲ್ಲಿ ಮಧ್ಯಪ್ರದೇಶ ಸರಕಾರ ಮತ್ತು ಮಧುಕರ ರಾವ್ ನಡುವಿನ ಪ್ರಕರಣದಲ್ಲಿ ಹೇಳಿದೆ. ‘ಗಾಡಿ ಬಿಟ್ಟರಂತೆ, ಕೇಸು ಬಿದ್ದುಹೋಯಿತಂತೆ’ ಎಂದು ಅಂಗಡಿ ಜಗಲಿಯಲ್ಲಿ ಮಾತು ಹುಟ್ಟುವುದು ಇಲ್ಲಿಂದ. ಗಾಡಿ ಬಿಟ್ಟದ್ದಕ್ಕೂ ಕೇಸಿಗೂ ಸಂಬಂಧವಿಲ್ಲ.

ಒಂದು ರಾತ್ರಿಯ ಬೇಟೆ ಎರಡು ಕೇಸಾಗುವುದೂ ಉಂಟು. ಮೀಸಲು ಅರಣ್ಯದೊಳಗೆ ಹೊಕ್ಕದ್ದಕ್ಕೆ 1961ರ ಕೇರಳ ಅರಣ್ಯ ಕಾಯ್ದೆಯ 27ನೇ ಸೆಕ್ಷನ್ ವನ್ಯಜೀವಿ ಕಾಯ್ದೆಯ ಜೊತೆಗೇ ಬರುತ್ತದೆ. ಪರವಾನಗಿ ಇಲ್ಲದ ನಾಡಕೋವಿ ಸಿಕ್ಕಿದರೆ ಪೊಲೀಸರು ಶಸ್ತ್ರಾಸ್ತ್ರ ಕಾಯ್ದೆಯಡಿ ಬೇರೆ ಎಫ್‌ಐಆರ್ ಹಾಕುತ್ತಾರೆ. ಎರಡಕ್ಕೂ ಎರಡು ಸಿಎನ್‌ಆರ್. ವಿಮಾನ ನಿಲ್ದಾಣದಲ್ಲಿ ವಿದೇಶಿ ಹಕ್ಕಿ, ಆಮೆ ಸಿಕ್ಕಿದರೆ ಅದು ಹೆಚ್ಚಾಗಿ 1962ರ ಕಸ್ಟಮ್ಸ್ ಕಾಯ್ದೆಯ ಕೇಸಾಗಿರುತ್ತದೆ, ಆಗ ವನ್ಯಜೀವಿ ಎಂದು ಹುಡುಕಿದರೆ ಕಾಣುವುದಿಲ್ಲ.

ಇನ್ನು ತೆರೆದ ಕೇಸನ್ನು ಓದುವುದು ಹೇಗೆ ಎಂಬುದು. ಆ್ಯಪ್ ಇದನ್ನು ಹೇಳಿಕೊಡುವುದಿಲ್ಲ, ಕಾನೂನು ಸ್ವಲ್ಪ ಗೊತ್ತಿರಬೇಕು.

ಮೊದಲು ನೋಡಬೇಕಾದ್ದು ಅಪರಾಧ ನಡೆದ ದಿನಾಂಕ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದಕ್ಕಿಂತ ಹಿಂದೆ ಕಾಯ್ದೆಗೆ ಆರು ಅನುಸೂಚಿಗಳು, ಅಂದರೆ ಜೀವಿಗಳ ಪಟ್ಟಿಗಳು, ಇದ್ದವು, ಈಗ ನಾಲ್ಕು: ಒಂದನೆಯದು ಅತಿ ಹೆಚ್ಚು ರಕ್ಷಣೆಯ ಪ್ರಾಣಿಗಳು, ಎರಡನೆಯದು ಉಳಿದವು, ಮೂರನೆಯದು ಸಸ್ಯಗಳು, ನಾಲ್ಕನೆಯದು ಕಾಡುಜೀವಿಗಳ ವ್ಯಾಪಾರದ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳು. ಹಳೆಯ ತೀರ್ಪಿನಲ್ಲಿ ‘ನಾಲ್ಕನೇ ಅನುಸೂಚಿ’ ಎಂದಿದ್ದರೆ ಅದು ನಮ್ಮ ಊರಿನ ಗಿಳಿಯಂಥ ಸಾಧಾರಣ ಪ್ರಾಣಿಪಕ್ಷಿ. ಹೊಸ ಕೇಸಿನಲ್ಲಿ ಅದೇ ಮಾತು ಮಕಾವ್, ಆಫ್ರಿಕನ್ ಗ್ರೇ ಗಿಳಿಯಂಥ ವಿದೇಶಿ ಜೀವಿ. ಊರ ಗಿಳಿ ಈಗ ಎರಡನೇ ಅನುಸೂಚಿಯಲ್ಲಿದೆ, ಪಂಜರದಲ್ಲಿ ಸಾಕುವಂತಿಲ್ಲ. ಇಷ್ಟು ಗೊತ್ತಿಲ್ಲದೆ ಹಳೆ ತೀರ್ಪನ್ನು ಹೊಸ ಕೇಸಿಗೆ ಹೋಲಿಸಿ ಬರೆದರೆ ಇಡೀ ವರದಿ ತಲೆಕೆಳಗಾಗುತ್ತದೆ.

ಸೆಕ್ಷನ್ ಕಾಲಮ್ಮಿನಲ್ಲಿ ಬರೀ 51 ಎಂದಿದ್ದರೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ, ಅದು ಶಿಕ್ಷೆಯ ಸೆಕ್ಷನ್. ಬೇಟೆಗೆ 9, ಪ್ರಾಣಿಭಾಗಗಳ ವ್ಯಾಪಾರಕ್ಕೆ 49ಬಿ, ಸರಕಾರದ ಸ್ವತ್ತಾದ ವಸ್ತುವನ್ನು ಇಟ್ಟುಕೊಂಡದ್ದಕ್ಕೆ 39 ಇರಬೇಕು. ಒಂದನೇ ಅನುಸೂಚಿಯ ಪ್ರಾಣಿಯಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಉಳಿದವಕ್ಕೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ ಅಥವಾ ಎರಡೂ. ಒಂದನೇ ದರ್ಜೆ ಮ್ಯಾಜಿಸ್ಟ್ರೇಟರಿಗೆ 3 ವರ್ಷಕ್ಕಿಂತ ಹೆಚ್ಚಿನ ಜೈಲುಶಿಕ್ಷೆ ಕೊಡುವ ಅಧಿಕಾರ ಇಲ್ಲ. ಆದ್ದರಿಂದಲೇ ದೊಡ್ಡ ಪ್ರಾಣಿಯ ಕೇಸಿನಲ್ಲೂ ‘ಮೂರು ವರ್ಷ’ ಎಂಬ ಅಂಕಿಯೇ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಅದನ್ನು ನೋಡಿ ಕೋರ್ಟು ಮೃದುವಾಯಿತು ಎನ್ನುವುದು ಸರಿಯಲ್ಲ. ಕನಿಷ್ಠ ಶಿಕ್ಷೆ ಇರುವ ಅಪರಾಧವನ್ನು ಹಣ ಕಟ್ಟಿ ರಾಜಿ ಮಾಡಿಕೊಳ್ಳಲೂ ಬರುವುದಿಲ್ಲ. ಉಳಿದವನ್ನು 54ನೇ ಸೆಕ್ಷನ್ ಪ್ರಕಾರ ಈಗ 5 ಲಕ್ಷದವರೆಗೆ ಕಟ್ಟಿಸಿಕೊಂಡು ಮುಗಿಸಬಹುದು. ಅಂಥ ಕೇಸು ‘ಕಾಂಪೌಂಡೆಡ್’ ಎಂದು ಕಂಡರೆ ಅದು ಖುಲಾಸೆ ಅಲ್ಲ.

ಹಳೆ ಕೇಸು ಹುಡುಕುವುದಕ್ಕೆ ಇನ್ನೊಂದು ಕಾರಣವಿದೆ. 51ಎ ಸೆಕ್ಷನ್ ಜಾಮೀನನ್ನು ಬಿಗಿ ಮಾಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆ ಬಿಗಿ ಇರುವುದು ಈ ಕಾಯ್ದೆಯಡಿ ಮೊದಲೇ ಶಿಕ್ಷೆಯಾದವರಿಗೆ ಮಾತ್ರ. ಬೇರೆ ಜಿಲ್ಲೆಯಲ್ಲಿ, ಬೇರೆ ರಾಜ್ಯದಲ್ಲಿ ಆದ ಶಿಕ್ಷೆ ಇಲ್ಲಿನ ಸರಕಾರಿ ವಕೀಲರ ಕೈಗೆ ತಾನಾಗಿ ಬರುವುದಿಲ್ಲ. ಗಡಿಯ ಎರಡೂ ಕಡೆ ಕೈಚಳಕ ತೋರಿಸುವವರ ಮಟ್ಟಿಗೆ ಇ-ಕೋರ್ಟ್ಸ್‌ನಲ್ಲಿ ದಕ್ಷಿಣ ಕನ್ನಡ, ಕೊಡಗು, ಕಣ್ಣೂರು ಜಿಲ್ಲೆಗಳನ್ನು ಒಮ್ಮೆ ಜಾಲಾಡುವುದು ಅರ್ಧ ಗಂಟೆಯ ಕೆಲಸ. ಹೆಸರು ಒಂದೇ ಆದ ಮಾತ್ರಕ್ಕೆ ಮನುಷ್ಯ ಅವನೇ ಎಂದುಕೊಳ್ಳಬಾರದು, ತಂದೆಯ ಹೆಸರು, ವಿಳಾಸ ತೀರ್ಪಿನ ಮೊದಲ ಪುಟದಲ್ಲಿ ತಾಳೆ ನೋಡಲೇಬೇಕು.

ಈಗ ವಾಯಿದೆಗಳ ಪಟ್ಟಿ. ವನ್ಯಜೀವಿ ಕೇಸು ಸಾಯುವುದು ತೀರ್ಪಿನ ದಿನ ಅಲ್ಲ, ಈ ಪಟ್ಟಿಯೊಳಗೆ.

55ನೇ ಸೆಕ್ಷನ್ ಪ್ರಕಾರ ಅಧಿಕಾರವುಳ್ಳ ಅಧಿಕಾರಿಯ ದೂರಿನ ಮೇಲೆ ಮಾತ್ರ ಕೋರ್ಟು ಕೇಸನ್ನು ವಿಚಾರಣೆಗೆ ತೆಗೆದುಕೊಳ್ಳಬಹುದು. ಸಾಮಾನ್ಯ ಪ್ರಜೆಯೂ ದೂರು ಕೊಡಬಹುದು, ಅದಕ್ಕೆ 60 ದಿನಗಳ ನೋಟಿಸು ಕೊಟ್ಟಿರಬೇಕು. ಪೊಲೀಸರು ಹಿಡಿದು ಪೊಲೀಸರೇ ಚಾರ್ಜ್‌ಶೀಟ್ ಹಾಕಿ, ಅರಣ್ಯ ಇಲಾಖೆಯ ದೂರು ಇಲ್ಲದೆ ಹೋದರೆ ಬುಡವೇ ಅಲುಗಾಡುತ್ತದೆ. ಸುಪ್ರೀಂ ಕೋರ್ಟು 1988ರಲ್ಲಿ ಬಿಹಾರ ಸರಕಾರ ಮತ್ತು ಮುರಾದ್ ಅಲಿ ಖಾನ್ ನಡುವಿನ ಆನೆ ಬೇಟೆಯ ಪ್ರಕರಣದಲ್ಲಿ ಇದೇ 55ನೇ ಸೆಕ್ಷನ್ ವಿವರಿಸಿ, ಪೊಲೀಸು ತನಿಖೆ ಒಂದು ಕಡೆ ನಡೆಯುತ್ತಿದೆ ಎಂಬ ಕಾರಣಕ್ಕೆ ಅರಣ್ಯಾಧಿಕಾರಿಯ ದೂರು ನಿಲ್ಲುವುದಿಲ್ಲ ಎಂದಿತು. ಆ್ಯಪ್‌ನಲ್ಲಿ ದೂರುದಾರರ ಕಾಲಮ್ಮಿನಲ್ಲಿ ರೇಂಜರ್ ಇದ್ದಾರೋ, ಪೊಲೀಸ್ ಠಾಣೆ ಇದೆಯೋ ನೋಡಿ. ಬರೀ ಠಾಣೆಯೇ ಇದ್ದರೆ ಕೇಳಲೇಬೇಕಾದ ಪ್ರಶ್ನೆ ಹುಟ್ಟಿತು.

ದೂರಿನ ಕೇಸಾದ್ದರಿಂದ ಇದರ ನಡೆಯೂ ಬೇರೆ. ಪೊಲೀಸು ಕೇಸಿನಲ್ಲಿ ಕಾಗದ ನೋಡಿ ಆರೋಪ ಹೊರಿಸುತ್ತಾರೆ. ಇಲ್ಲಿ ಆರೋಪ ಹೊರಿಸುವ ಮೊದಲೇ ಒಮ್ಮೆ ಸಾಕ್ಷ್ಯ ಆಗಬೇಕು, ಹಳೆಯ ದಂಡಪ್ರಕ್ರಿಯಾ ಸಂಹಿತೆಯ 244ರಿಂದ 247, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 267ರಿಂದ 270ನೇ ಸೆಕ್ಷನ್‌ಗಳು. ಆರೋಪ ಹೊರಿಸಿದ ಮೇಲೆ ಅದೇ ಸಾಕ್ಷಿಗಳನ್ನು ಮತ್ತೆ ಕರೆಸಿ ಪಾಟೀಸವಾಲು ಮಾಡಬಹುದು. ‘ಎವಿಡೆನ್ಸ್ ಬಿಫೋರ್ ಚಾರ್ಜ್’ ಎಂಬ ಸಾಲು ಎರಡು ವರ್ಷ ಅಲ್ಲಾಡದೆ ನಿಂತದ್ದು ಕಂಡರೆ ಸಾಕ್ಷಿಗಳು ಬರುತ್ತಿಲ್ಲ ಎಂದು ಅರ್ಥ. ಪ್ರಕರಣ ದಾಖಲಿಸಿದ ರೇಂಜರ್ ಅಷ್ಟರಲ್ಲಿ ವರ್ಗವಾಗಿರುತ್ತಾರೆ, ಮಹಜರಿಗೆ ಸಹಿ ಹಾಕಿದ ಊರವರು ‘ಖಾಲಿ ಕಾಗದಕ್ಕೆ ಸಹಿ ಮಾಡಿದ್ದೆ’ ಎನ್ನಲು ತಯಾರಾಗಿರುತ್ತಾರೆ.

‘ಫಾರ್ ರಿಪೋರ್ಟ್’ ಎಂದು ಪದೇ ಪದೇ ಮುಂದೂಡಿದ್ದರೆ ಲ್ಯಾಬಿನ ವರದಿ ಬಂದಿಲ್ಲ. ಮಾಂಸದ ಕೇಸಿನಲ್ಲಿ ಇದೇ ಜೀವಾಳ. ಸಾರಿನ ಪಾತ್ರೆಯಲ್ಲಿ ಸಿಕ್ಕಿದ್ದು ಕಾಡುಹಂದಿಯೋ ಊರ ಹಂದಿಯೋ, ಕಡವೆಯೋ ದನವೋ ಎಂದು ಡಿಎನ್‌ಎ ಪರೀಕ್ಷೆ ಹೇಳಬೇಕು, ರೇಂಜರ್ ಕಣ್ಣಂದಾಜು ಸಾಲದು. ಮಾದರಿ ಹೋಗುವುದು ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆ, ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಕೇಂದ್ರ, ತಿರುವನಂತಪುರದ ರಾಜೀವ ಗಾಂಧಿ ಜೈವಿಕ ತಂತ್ರಜ್ಞಾನ ಕೇಂದ್ರದಂಥ ಕಡೆ. ಹಸಿ ಮಾಂಸದ ತುಂಡನ್ನು ಶುದ್ಧ ಆಲ್ಕೋಹಾಲಿನಲ್ಲಿ ಮುಳುಗಿಸಿಡಬೇಕು ಅಥವಾ ಹೆಪ್ಪುಗಟ್ಟಿಸಿಡಬೇಕು. ಒಣಮಾಂಸವನ್ನು ಸಿಲಿಕಾ ಜೆಲ್ ಹಾಕಿ ತೇವ ತಾಗದಂತೆ ಇಡಬೇಕು. ಮರಣೋತ್ತರ ಪರೀಕ್ಷೆಗೆ ಇಡುವ ಹಾಗೆ ಫಾರ್ಮಲಿನ್‌ನಲ್ಲಿ ಹಾಕಿದರೆ ಡಿಎನ್‌ಎ ಕೆಡುತ್ತದೆ, ಆಮೇಲೆ ಯಾವ ಲ್ಯಾಬಿಗೆ ಕಳಿಸಿದರೂ ಕಷ್ಟವೇ. ಮಹಜರಿನ ದಿನ ಹಾಕಿದ ಸೀಲಿನ ಗುರುತು ಲ್ಯಾಬಿನ ವರದಿಯಲ್ಲಿ ಬರೆದ ಸೀಲಿಗೆ ಹೊಂದದಿದ್ದರೆ ಪ್ರತಿವಾದಿ ವಕೀಲರಿಗೆ ಬೇರೆ ಆಯುಧ ಬೇಕಿಲ್ಲ. ಮುಗಿದ ಕೇಸಿನ ತೀರ್ಪಿನಲ್ಲಿ ಮೊದಲು ಹುಡುಕಬೇಕಾದ್ದು ಈ ಎರಡು ವಿಷಯ: ಸೀಲು ಮತ್ತು ಸ್ವತಂತ್ರ ಸಾಕ್ಷಿ.

ತಪ್ಪೊಪ್ಪಿಗೆಯ ವಿಷಯದಲ್ಲೂ ಅಷ್ಟೇ. 50ನೇ ಸೆಕ್ಷನ್‌ನ 8ನೇ ಉಪವಿಭಾಗ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ, ಅಧಿಕಾರ ಪಡೆದ ಅಧಿಕಾರಿಗೆ ಸಾಕ್ಷ್ಯ ದಾಖಲಿಸಲು ಬಿಡುತ್ತದೆ. ಆರೋಪಿಯ ಎದುರಿನಲ್ಲಿ ದಾಖಲಾದರೆ ಅದು ಕೋರ್ಟಿನಲ್ಲೂ ನಿಲ್ಲುತ್ತದೆ. ಅದನ್ನು ಫಾರೆಸ್ಟರ್ ಬರೆದುಕೊಂಡಿದ್ದರೆ ಆ ಬಲ ಇಲ್ಲ. ಚಿರತೆ ಚರ್ಮದ ಸಂಸಾರ್ ಚಂದ್ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು ಕೋರ್ಟಿನ ಹೊರಗಿನ ತಪ್ಪೊಪ್ಪಿಗೆಯನ್ನೂ ಆಧರಿಸಿ ಶಿಕ್ಷೆ ಎತ್ತಿಹಿಡಿಯಿತು, ಆದರೆ ಅದಕ್ಕೆ ಬೆಂಬಲವಾಗಿ ಬೇರೆ ಸಾಕ್ಷ್ಯವೂ ಇತ್ತು. ಇಂಥ ಸುಪ್ರೀಂ ಕೋರ್ಟು ತೀರ್ಪುಗಳಿಗೆ ಇ-ಕೋರ್ಟ್ಸ್ ಅಲ್ಲ, 2023ರಲ್ಲಿ ಶುರುವಾದ ಇ-ಎಸ್‌ಸಿಆರ್ ತಾಣ ಒಳ್ಳೆಯದು. ಅದೂ ಉಚಿತ, ಕೆಲವು ತೀರ್ಪುಗಳ ಕನ್ನಡ ಅನುವಾದವೂ ಇದೆ. ಯಂತ್ರದ ನೆರವಿನ ಅನುವಾದವಾದ್ದರಿಂದ ಸೆಕ್ಷನ್ ಸಂಖ್ಯೆ, ‘ಅಲ್ಲ’, ‘ಇಲ್ಲ’ಗಳನ್ನು ಇಂಗ್ಲಿಷ್ ಮೂಲದ ಜೊತೆ ತಾಳೆ ನೋಡುವುದು ಕ್ಷೇಮ. ಹೆಸರು ಗೊತ್ತಿಲ್ಲದೆ ವಿಷಯದಿಂದ ಹುಡುಕುವುದಕ್ಕೆ ಇಂಡಿಯನ್ ಕಾನೂನ್ ಎಂಬ ತೀರ್ಪುಗಳ ತಾಣ ಚುರುಕು, ಆದರೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಕೇಸು ಹುಡುಕಲು ಅದು ಉಪಯೋಗಕ್ಕೆ ಬರುವುದಿಲ್ಲ.

ಒಂದೇ ಘಟನೆ ಎಷ್ಟು ಕೋರ್ಟಿನಲ್ಲಿ ಹರಡುತ್ತದೆ ಎನ್ನುವುದಕ್ಕೆ ಕೇರಳದ ಪ್ರಸಿದ್ಧ ಚಿತ್ರನಟರೊಬ್ಬರ ಆನೆದಂತದ ಪ್ರಕರಣ ನೋಡಬಹುದು. ದಂತ ಸಿಕ್ಕಿದ್ದು 2011ರ ಆದಾಯ ತೆರಿಗೆ ದಾಳಿಯಲ್ಲಿ. ಪೆರುಂಬಾವೂರಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಒಂದು ಕೇಸು, ಹೈಕೋರ್ಟಿನಲ್ಲಿ ಬೇರೆ ಬೇರೆ ಅರ್ಜಿಗಳು. ಮಾಲೀಕತ್ವದ ಪ್ರಮಾಣಪತ್ರಕ್ಕೆ ದಾರಿ ಮಾಡಿದ 2015 ಮತ್ತು 2016ರ ಸರಕಾರಿ ಆದೇಶಗಳು ಗೆಜೆಟ್‌ನಲ್ಲಿ ಪ್ರಕಟವಾಗಿಲ್ಲ ಎಂಬ ಕಾರಣಕ್ಕೆ ಹೈಕೋರ್ಟು 2025ರ ಅಕ್ಟೋಬರಿನಲ್ಲಿ ಅವನ್ನು ಅಸಿಂಧು ಎಂದಿತು. ಮ್ಯಾಜಿಸ್ಟ್ರೇಟ್ ಕೋರ್ಟಿನ ಸಿಎನ್‌ಆರ್ ಮಾತ್ರ ಇಟ್ಟುಕೊಂಡವರಿಗೆ ಈ ಆದೇಶ ಸಿಗುತ್ತಿರಲಿಲ್ಲ, ಹೈಕೋರ್ಟಿನಲ್ಲಿ ಬೇರೆಯಾಗಿಯೇ ಹುಡುಕಬೇಕು. ಮೇಲ್ಮನವಿಗೂ ಹಾಗೆಯೇ ಹೊಸ ಸಿಎನ್‌ಆರ್ ಬರುತ್ತದೆ.

ಆ್ಯಪ್‌ನ ‘ಮೈ ಕೇಸಸ್’ ಪಟ್ಟಿ ನನ್ನ ಲೆಕ್ಕದಲ್ಲಿ ಇದರ ಅತ್ಯುತ್ತಮ ಭಾಗ. 20 ಕೇಸು ಸೇರಿಸಿಟ್ಟರೆ ತಿಂಗಳಿಗೊಮ್ಮೆ ಐದು ನಿಮಿಷ ಸಾಕು. ಆದರೆ ಪಟ್ಟಿ ತಾನಾಗಿ ಹೊಸದಾಗುವುದಿಲ್ಲ, ರಿಫ್ರೆಶ್ ಒತ್ತಬೇಕು, ಇಲ್ಲದಿದ್ದರೆ ಕಳೆದ ವರ್ಷದ ವಾಯಿದೆಯನ್ನೇ ಮುಂದಿನ ವಾಯಿದೆ ಎಂದು ನಂಬಿ ಕೋರ್ಟಿಗೆ ಹೋಗಿ ವಾಪಸು ಬರಬೇಕಾದೀತು. ಪಟ್ಟಿ ಇರುವುದು ಫೋನಿನಲ್ಲಿ. ಫೋನು ಬದಲಿಸುವ ಮೊದಲು ಎಕ್ಸ್‌ಪೋರ್ಟ್ ಮಾಡಿ ಫೈಲನ್ನು ಬೇರೆ ಕಡೆ ಇಡಬೇಕು.

ಮೋಸ ಹೋಗುವ ಜಾಗ ಇನ್ನೊಂದಿದೆ, ಅದು ‘ಮುಗಿದಿದೆ’ ಎಂಬ ಸ್ಥಿತಿ. ಆರೋಪಿ ತಲೆಮರೆಸಿಕೊಂಡರೆ ಕೇರಳದ ಕೋರ್ಟುಗಳು ಕೇಸನ್ನು ಎಲ್‌ಪಿ, ಅಂದರೆ ಲಾಂಗ್ ಪೆಂಡಿಂಗ್ ರಿಜಿಸ್ಟರಿಗೆ ಸೇರಿಸುತ್ತವೆ. ಹಳೆ ನಂಬರು ಮುಗಿದಂತೆ ಕಾಣುತ್ತದೆ, ಕೇಸು ಜೀವಂತವಾಗಿರುತ್ತದೆ. ನಾಲ್ವರಲ್ಲಿ ಒಬ್ಬ ಓಡಿಹೋದರೆ ಅವನ ಭಾಗ ಬೇರ್ಪಟ್ಟು ಹೊಸ ನಂಬರು ಬೀಳುತ್ತದೆ. ಕೊನೆಯ ವಾಯಿದೆಯ ‘ಬಿಸಿನೆಸ್’, ಅಂದರೆ ಆ ದಿನ ಏನು ನಡೆಯಿತು ಎಂಬ ಸಾಲು, ತೆರೆದು ‘ಸ್ಪ್ಲಿಟ್ ಅಪ್’, ‘ಎಲ್‌ಪಿ’ ಎಂಬ ಪದ ಇದೆಯೋ ನೋಡದೆ ‘ಖುಲಾಸೆ’ ಎಂದು ಬರೆಯಬೇಡಿ.

ದಿನದಿನದ ಆದೇಶಗಳು ಎಲ್ಲ ಕೋರ್ಟಿನದ್ದೂ ಏರಿರುವುದಿಲ್ಲ, ಸಾಕ್ಷಿ ಹೇಳಿಕೆ, ಮಹಜರು, ಲ್ಯಾಬಿನ ವರದಿ ಆ್ಯಪ್‌ನಲ್ಲಿ ಸಿಗುವುದೇ ಇಲ್ಲ. ಅದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಪ್ರಯೋಜನವಿಲ್ಲ. ಕೋರ್ಟಿನ ಕಡತದ ಪ್ರತಿ ಬೇಕಾದರೆ ಆಯಾ ಹೈಕೋರ್ಟಿನ ನಿಯಮದಂತೆಯೇ ಕೇಳಬೇಕು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ತೀರ್ಮಾನಿಸಿದೆ. ಕಾಸರಗೋಡಿನವರು ವಿದ್ಯಾನಗರದ ಕೋರ್ಟು ಸಂಕೀರ್ಣದಲ್ಲಿ, ಹೊಸದುರ್ಗದವರು ಅಲ್ಲಿನ ಕೋರ್ಟಿನಲ್ಲಿ ಕಾಪಿ ಅರ್ಜಿ ಹಾಕಬೇಕು. ಕೇಸಿನಲ್ಲಿ ಪಕ್ಷಗಾರರಲ್ಲದವರು ಯಾಕೆ ಬೇಕು ಎಂಬ ಕಾರಣ ಬರೆದು ಅನುಮತಿ ಕೇಳಬೇಕಾಗುತ್ತದೆ. ಅರ್ಜಿಯಲ್ಲಿ ಸಿಸಿ ನಂಬರು, ಸಿಎನ್‌ಆರ್, ತೀರ್ಪಿನ ದಿನಾಂಕ, ಬೇಕಾದ ದಾಖಲೆಯ ಗುರುತು, ಉದಾಹರಣೆಗೆ ಮಹಜರಾದರೆ ಕೋರ್ಟು ಅದಕ್ಕೆ ಕೊಟ್ಟ ‘ಪಿ’ ಸಂಖ್ಯೆ, ಬರೆದರೆ ಗುಮಾಸ್ತರಿಗೆ ಹುಡುಕುವ ಕೆಲಸ ತಪ್ಪುತ್ತದೆ. ಈ ‘ಪಿ’ ಸಂಖ್ಯೆಗಳ ಪಟ್ಟಿ ತೀರ್ಪಿನ ಕೊನೆಯ ಪುಟದಲ್ಲಿರುತ್ತದೆ, ಆ ಪುಟ ಆ್ಯಪ್‌ನ ಪಿಡಿಎಫ್‌ನಲ್ಲೇ ಸಿಗುತ್ತದೆ.